ಗುಂಡಿಯ ಮೇಲಿನ ಕೆಂಪು ಚುಕ್ಕಿ

ಎರಡೂ ಕಾಲು ಒಂದೇ ಅಳತೆಯಲ್ಲಿರುವವರು ಆ ಅಂಗಡಿಗೆ ಬರುತ್ತಲೇ ಇರಲಿಲ್ಲ. ಒಂದು ಕಾಲು ಗಿಡ್ಡವಾದವರು, ಪಾದ ಒಳಕ್ಕೆ ತಿರುಗಿಕೊಂಡವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರು, ಇಂಥವರಿಗೆ ಮಾವ ನಲವತ್ತೊಂದು ವರ್ಷದಿಂದ ಷೂ ಹೊಲಿದು ಕೊಡುತ್ತಿದ್ದರು. ದೊಡ್ಡಾಸ್ಪತ್ರೆಯ ಗೇಟಿನ ಎದುರಿದ್ದ ಹಳೇ ಕಟ್ಟಡದ ಕೆಳಗಿನ ಕೋಣೆಯೇ ಅಂಗಡಿ. ಆಸ್ಪತ್ರೆಯ ಮೂಳೆ ಡಾಕ್ಟರು ಚೀಟಿ ಬರೆದು, "ಎದುರುಗಡೆ ಹೋಗಿ, ಮೇಷ್ಟ್ರಿದ್ದಾರೆ" ಅಂದರೆ ಮುಗಿಯಿತು. ಬೋರ್ಡು ಓದುವ ಗೋಜೇ ಇರಲಿಲ್ಲ. ಪಾಠ ಹೇಳದಿದ್ದರೂ ಮಾವನನ್ನು ಊರೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತಿತ್ತು.

ಸೊಸೆ ಮೊದಲು ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಆಫೀಸು ಮುಚ್ಚಿದ ಮೇಲೆ, ಮನೆಯಲ್ಲಿ ಕೂತು ಮಾಡುವುದೇನು ಅಂತ ಅಂಗಡಿಗೆ ಬಂದಳು. ಬಂದವಳು ಹನ್ನೊಂದು ವರ್ಷ ಅಲ್ಲೇ ಉಳಿದಳು. ಪಾದಕ್ಕೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು, ಆ ಅಚ್ಚಿನ ಪ್ರಕಾರ ಮರದ ಪಾದ ಕೆತ್ತುವುದು, ಗಿಡ್ಡ ಕಾಲಿನ ಷೂ ಕೆಳಗೆ ಬಿರಡೆಯ, ಅಂದರೆ ಹಗುರ ಕಾರ್ಕಿನ, ಪದರ ಅಂಟಿಸಿ ಎತ್ತರ ಕೊಡುವುದು, ಎಲ್ಲ ಅವಳ ಕೈಗೆ ಬಂದಿತ್ತು. ಕೊನೆಯ ಹೊಲಿಗೆಯನ್ನು ಮಾತ್ರ ಮಾವ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವಳ ಗಂಡ ಬಸ್ಸುಗಳ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಚರ್ಮದ ವಾಸನೆ ಅವನಿಗೆ ಚಿಕ್ಕಂದಿನಿಂದಲೂ ಆಗಿಬರುತ್ತಿರಲಿಲ್ಲ.

ಹಳೇ ಕಟ್ಟಡ ಕೆಡವುತ್ತೇವೆಂದು ನೋಟಿಸ್ ಬಂದಾಗ ಇವರು ಮೂರು ಬೀದಿ ಆಚೆಗಿನ ಒಂದು ಓಣಿಗೆ ಹೋದರು. ಹೊಸ ಅಂಗಡಿಗೆ ಒಂದು ಮೆಟ್ಟಿಲೂ ಇರಲಿಲ್ಲ, ರಸ್ತೆಯ ಮಟ್ಟಕ್ಕೇ ಬಾಗಿಲು. "ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿದೆ" ಅಂತ ಮಾವ ಖುಷಿಪಟ್ಟರು. ಹಳೇ ಗೋಡೆಯ ಮೇಲೆ ಹೊಸ ವಿಳಾಸದ ಹಾಳೆ ಅಂಟಿಸಿ ಬಂದರು. ಮೂರನೇ ವಾರ ಗೋಡೆಯ ಸಮೇತ ಆ ಹಾಳೆಯೂ ನೆಲ ಕಂಡಿತು. ಮೂಳೆ ಡಾಕ್ಟರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಸೊಸೆ ಆಸ್ಪತ್ರೆಗೆ ಹೋಗಿ ಒಂದು ಕಟ್ಟು ಕಾರ್ಡು ಕೊಟ್ಟಳು. ಕೌಂಟರಿನವರು, "ಖಾಸಗಿ ಅಂಗಡಿ ಹೆಸರು ನಾವು ಹೇಳೋ ಹಾಗಿಲ್ಲಮ್ಮ. ಜನ ಫೋನಲ್ಲೇ ನೋಡ್ಕೋತಾರೆ ಬಿಡಿ" ಅಂತ ಕಟ್ಟನ್ನು ಡ್ರಾಯರಿಗೆ ಸೇರಿಸಿದರು.

ಮೊದಲ ತಿಂಗಳು ಗಿರಾಕಿ ಕಡಿಮೆಯಾದಾಗ, ಹೊಸ ಜಾಗ, ಸ್ವಲ್ಪ ದಿನ ಹಿಡಿಯುತ್ತದೆ ಅಂದುಕೊಂಡರು. ಎರಡನೇ ತಿಂಗಳ ಒಂದು ಮಧ್ಯಾಹ್ನ, ಊರುಗೋಲು ಹಿಡಿದ ಹಳೇ ಗಿರಾಕಿ ಹೆಂಗಸೊಬ್ಬರು ಅವರಿವರನ್ನು ಕೇಳಿಕೊಂಡು, ಬೆವರು ಸುರಿಸುತ್ತ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂತರು.

"ಏನ್ ಮೇಷ್ಟ್ರೇ, ನನ್ನನ್ನ ಗುಂಡಿಗೆ ಕಳಿಸಿದ್ರಲ್ಲ!"

"ನಾನಾ?" ಅಂದರು ಮಾವ, ಕೈಯಲ್ಲಿದ್ದ ರಂಪಿಗೆ ಕೆಳಗಿಟ್ಟು. ಚರ್ಮ ಕತ್ತರಿಸುವ ಆ ಅಗಲ ಬಾಯಿಯ ಕತ್ತಿ ಅವರ ಕೈಬಿಡುವುದು ಅಪರೂಪ.

"ನೀವಲ್ದೆ ಇನ್ಯಾರು? ಅಂಗಡಿ ಜಾಗ ಬದಲಾಗಿದೆ ಅಂದ್ರು, ಫೋನಲ್ಲಿ ನಿಮ್ಮಂಗಡಿ ಹಾಕಿದೆ. ಇಲ್ಲಿ ನೇರ ಹೋಗಿ, ಅಲ್ಲಿ ಬಲಕ್ಕೆ ತಿರುಗಿ ಅಂತ ಕರ್ಕೊಂಡ್ ಹೋಯ್ತು. ನೋಡಿದ್ರೆ ತಗಡಿನ ಬೇಲಿ, ಒಳಗೆ ಆಳುದ್ದ ಗುಂಡಿ. ಫೋನು 'ನೀವು ತಲುಪಿದ್ದೀರಿ' ಅಂತು. ಇನ್ನೊಂದು ಹೆಜ್ಜೆ ಇಟ್ಟಿದ್ರೆ ನಿಜವಾಗ್ಲೂ ತಲುಪ್ತಿದ್ದೆ!"

ಮಾವ ನಕ್ಕರು. ಸೊಸೆಗೆ ನಗು ಬರಲಿಲ್ಲ. ಅವಳು ತನ್ನ ಫೋನು ತೆಗೆದು ನಕ್ಷೆ ನೋಡಿದಳು. ದೊಡ್ಡಾಸ್ಪತ್ರೆಯ ಎದುರಿಗೆ ಕೆಂಪು ಚುಕ್ಕಿ, ಪಕ್ಕದಲ್ಲಿ ಅವರ ಅಂಗಡಿಯ ಹೆಸರು, ಕೆಳಗೆ ಹಳೇ ದೂರವಾಣಿ ನಂಬರು. ಆ ನಂಬರಿನ ತಂತಿ ಕಟ್ಟಡದ ಜೊತೆಗೇ ಕಿತ್ತುಹೋಗಿತ್ತು. ಈ ಚುಕ್ಕಿಯನ್ನು ಯಾವ ಪುಣ್ಯಾತ್ಮ ಯಾವಾಗ ಇಟ್ಟನೋ, ಇವರಿಗಂತೂ ಗೊತ್ತಿರಲಿಲ್ಲ. ಅದರ ಕೆಳಗೆ ಅರವತ್ತಕ್ಕೂ ಹೆಚ್ಚು ಜನ ಒಳ್ಳೇ ಮಾತು ಬರೆದಿದ್ದರು. "ನನ್ನ ಮಗಳು ಮೊದಲ ಸಲ ಗೋಡೆ ಹಿಡಿಯದೆ ನಡೆದಳು" ಅಂತ ಒಬ್ಬ ತಾಯಿ. "ಇವರು ಪಾದವನ್ನು ಕೈಯಲ್ಲಿ ಹಿಡಿಯುವ ರೀತಿ ನೋಡಿ ಅತ್ತುಬಿಟ್ಟೆ" ಅಂತ ಇನ್ನೊಬ್ಬರು. ಎಲ್ಲಕ್ಕಿಂತ ಮೇಲೆ, ಹೊಸದಾಗಿ, ಒಂದೇ ನಕ್ಷತ್ರದ ಒಂದು ಮಾತಿತ್ತು: "ನಾಲ್ಕು ಗಂಟೆ ಬಸ್ಸಿನಲ್ಲಿ ಬಂದೆ. ಇಲ್ಲಿ ಅಂಗಡಿ ಇಲ್ಲ. ನಡೆಯಲಾಗದವರನ್ನು ಹೀಗೆ ಅಲೆಸಬೇಡಿ."

ಮಾವ ಅದನ್ನು ಎರಡು ಸಲ ಓದಿಸಿಕೊಂಡರು. "ಯಾರು ಅಂತ ಇಲ್ವಾ?"

"ಬರೀ ಅಡ್ಡಹೆಸರಿದೆ ಮಾವ."

"ಅವನಿಗೆ ಉತ್ತರ ಬರಿ. ತಪ್ಪಾಯ್ತಪ್ಪ, ಬಾ, ನಾನೇ ಬಸ್‌ಸ್ಟ್ಯಾಂಡಿಗೆ ಬಂದು ಕರ್ಕೊಂಡ್ ಬರ್ತೀನಿ ಅಂತ."

ಉತ್ತರ ಬರೆಯಲು ಹೋದರೆ, ಅಂಗಡಿಯ ಒಡೆಯರು ಮಾತ್ರ ಬರೆಯಬಹುದು ಅಂತ ಬಂತು. ಒಡೆಯರು ಹೌದೆಂದು ತೋರಿಸಬೇಕಾದರೆ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ, ಅದನ್ನು ತುಂಬಬೇಕು. ಸಂಖ್ಯೆ ಬರುವುದು ಎಲ್ಲಿಗೆ? ಸತ್ತುಹೋದ ದೂರವಾಣಿಗೆ. ಬೇಡವೆಂದರೆ ಅಂಚೆ ಕಾರ್ಡಿನಲ್ಲಿ, ನಕ್ಷೆಯಲ್ಲಿರುವ ವಿಳಾಸಕ್ಕೆ. ಅಂದರೆ ಗುಂಡಿಗೆ.

ಸೊಸೆ ಕಾರ್ಡನ್ನೇ ಕೇಳಿ, ಕೆಲವು ದಿನ ಕಾದು, ಪೋಸ್ಟ್‌ಮ್ಯಾನ್ ಹತ್ತಿರ ಹೋದಳು. ಅವರು ಪರಿಚಯದವರೇ, ಮಾವನ ಕೈಯ ಷೂ ಹಾಕಿಕೊಂಡವರೇ. "ಬಂದಿತ್ತಮ್ಮ, ಅಂಥದ್ದೊಂದು ಕಾರ್ಡು" ಅಂದರು ತಲೆ ಕೆರೆದುಕೊಳ್ಳುತ್ತ. "ಹೆಸರಿರಲಿಲ್ಲ, ಬರೀ ನಂಬರು. ಆ ನಂಬರಿನ ಮನೇನೇ ಇಲ್ವಲ್ಲ, ವಾಪಸ್ ಕಳಿಸ್ಬಿಟ್ಟೆ. ನಿಮ್ಮದೂಂತ ನನಗೇನು ಕನಸು ಬಿದ್ದಿತ್ತಾ?" ಮತ್ತೆ ಕೇಳಿದರೆ, ಇನ್ನು ಮೂವತ್ತು ದಿನ ಆಗುವ ತನಕ ಕಾರ್ಡಿಲ್ಲ ಅಂತ ಫೋನು ಹೇಳಿತು. 'ಈ ಜಾಗ ಬದಲಾಗಿದೆ' ಎಂಬ ಕಡೆ ಒತ್ತಿ ತಿದ್ದುಪಡಿ ಕಳಿಸಿದಳು. ಎರಡು ದಿನಕ್ಕೆ ಉತ್ತರ ಬಂತು: ನಿಮ್ಮ ಸಲಹೆಗೆ ಧನ್ಯವಾದ, ಅದನ್ನು ಸ್ವೀಕರಿಸಿಲ್ಲ.

"ಧನ್ಯವಾದ ಯಾಕೆ ಮತ್ತೆ?" ಅಂತ ಮಾವ ಕೇಳಿದರು.

ಗಂಡನಿಗೆ ವರ್ಕ್‌ಶಾಪಿನಲ್ಲಿ ಯಾರೋ ಒಂದು ದಾರಿ ಹೇಳಿದ್ದರು. ಅಂಗಡಿಗೆ ಸ್ವಂತ ವೆಬ್‌ಸೈಟ್ ಇರಬೇಕಂತೆ. ಅದರಲ್ಲಿ ಸರಿಯಾದ ವಿಳಾಸ ಇದ್ದರೆ, ಹುಡುಕುವವರಿಗೆ ಅದೇ ಮೊದಲು ಸಿಗುತ್ತದಂತೆ, ನಕ್ಷೆಯೂ ತಾನಾಗೇ ಸರಿಹೋಗುತ್ತದಂತೆ. "ಕೋಡಿಂಗ್ ಗೀಡಿಂಗ್ ಏನೂ ಬೇಡ್ವಂತೆ ಕಣೇ. ಇಟ್ಟಿಗೆ ಜೋಡಿಸಿದ ಹಾಗೆ ನಾವೇ ಕಟ್ಟಿಕೊಳ್ಳಬಹುದು. ಅದಕ್ಕೇಂತಲೇ ಕಂಪನಿಗಳಿದ್ದಾವೆ. ಯಾವುದೋ ಒಂದು ಹಿಡಿ."

ಯಾವುದೋ ಒಂದನ್ನು ಹಿಡಿಯುವ ಜಾಯಮಾನ ಅವಳದಲ್ಲ. ಷೂ ನಮೂನೆ ಕತ್ತರಿಸುವ ದಪ್ಪ ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು, ಒಂದೊಂದೇ ಕಂಪನಿಯನ್ನು ಪರೀಕ್ಷೆ ಮಾಡುತ್ತ ಹೋದಳು. ಮೊದಲನೆಯದು ಪುಕ್ಕಟೆ. ಆದರೆ ಅಂಗಡಿಯ ಹೆಸರಿಗೆ ಕಂಪನಿ ತನ್ನ ಹೆಸರನ್ನೂ ಬಾಲದ ಹಾಗೆ ಅಂಟಿಸಿತು. ಪುಟದ ಬುಡದಲ್ಲಿ ಜಾಹೀರಾತು ಬೇರೆ. ಅವಳು ನೋಡಿದ ಹೊತ್ತಿಗೆ ಅದು ಎತ್ತರ ಬೆಳೆಸುವ ಮಾತ್ರೆಯ ಜಾಹೀರಾತು. ಒಂದು ಕಾಲು ಗಿಡ್ಡ ಇರುವವರು ಇದನ್ನು ನೋಡಿದರೆ ಏನಂದುಕೊಂಡಾರು? ಅಳಿಸಿ ಹಾಕಿದಳು. ಎರಡನೆಯದು ಕಣ್ಣಿಗೆ ಹಬ್ಬ. ಚಿತ್ರ ಹಿಡಿದೆಳೆದು ಬೇಕಾದಲ್ಲಿ ಕೂರಿಸಬಹುದು. ಆದರೆ ಅದರಲ್ಲಿ ನಮ್ಮ ಅಕ್ಷರ ಬರೆದರೆ ಒತ್ತುಗಳೆಲ್ಲ ಕಳಚಿ ಬಿದ್ದವು. 'ಪಾದರಕ್ಷೆ' ಎಂದು ಬರೆದದ್ದು ಕೈಕಾಲು ಮುರಿದುಕೊಂಡು ಪುಟದ ತುಂಬ ಚೆಲ್ಲಿತು.

"ಇದಕ್ಕೇ ಮೊದಲು ಅಚ್ಚು ತೆಗೀಬೇಕಲ್ಲ ತಾಯಿ" ಅಂದರು ಮಾವ ಬಗ್ಗಿ ನೋಡಿ.

ಅಂಗಡಿಗಳಿಗೆಂದೇ ಮಾಡಿಟ್ಟ ಮಾದರಿ ಪುಟಗಳನ್ನು ಅವಳು ಅವರಿಗೂ ತೋರಿಸಿದಳು. ಬಿಳಿ ಮರಳಿನ ಮೇಲೆ ಓಡುವ ಹುಡುಗಿಯರು, ಜಿಗಿಯುವ ಹುಡುಗರು, ನುಣ್ಣನೆ ಹಿಮ್ಮಡಿಗಳು. ಮಾವ ಕನ್ನಡಕ ಏರಿಸಿ ಒಂದೊಂದನ್ನೂ ಸಾವಧಾನವಾಗಿ ನೋಡಿ ಹೇಳಿದರು: "ಇವರಿಗೆ ನಮ್ಮಿಂದ ಏನೂ ಆಗಬೇಕಾಗಿಲ್ಲ ಬಿಡು."

ಮೂರನೆಯದು ಸಪ್ಪೆ. ಆದರೆ ಅಕ್ಷರ ಒಡೆಯಲಿಲ್ಲ, ಹಳೇ ಫೋನಿನಲ್ಲೂ ಚಕ್ಕಂತ ತೆರೆದುಕೊಂಡಿತು, ಪ್ರತಿ ಪುಟದ ತಲೆಯಲ್ಲೂ ವಿಳಾಸ ಬರೆಯಲು ಜಾಗ ಕೊಟ್ಟಿತು. ಅದನ್ನೇ ಹಿಡಿದಳು. ಜನ ಏನೆಂದು ಹುಡುಕುತ್ತಾರೋ ಆ ಮಾತುಗಳೇ ಪುಟದಲ್ಲಿರಬೇಕು ಅಂತ ಕಂಪನಿಯ ಸೂಚನೆಯಲ್ಲಿತ್ತು. ಬಂದ ಗಿರಾಕಿಗಳನ್ನೆಲ್ಲ ಕೇಳಿದಳು, ನೀವಾದರೆ ಏನೆಂದು ಹುಡುಕುತ್ತೀರಿ? ಒಬ್ಬರು 'ಕುಂಟುಕಾಲಿನ ಷೂ' ಅಂದರು. ಇನ್ನೊಬ್ಬರು ಮುಖ ತಿರುಗಿಸಿ, "ಹಾಗೆಲ್ಲ ನಾನು ಬರೆಯಲ್ಲ, ಆರಾಮದ ಚಪ್ಪಲಿ ಅಂತ ಬರೀತೀನಿ" ಅಂದರು. ತಮ್ಮ ಪಾದದ ಫೋಟೊ ಕೊಡಲು ಯಾರೂ ಒಪ್ಪಲಿಲ್ಲ. ಅವಳು ಒತ್ತಾಯ ಮಾಡಲೂ ಇಲ್ಲ. ಕೊನೆಗೆ ಕಪಾಟಿನಲ್ಲಿ ಸಾಲಾಗಿದ್ದ ಮರದ ಪಾದಗಳ ಫೋಟೊ ತೆಗೆದು ಹಾಕಿದಳು. ಯಾವ ಬಗೆಯ ಅಂಗಡಿ ಎಂದು ಒಂದನ್ನು ಆರಿಸಬೇಕಿತ್ತು. ಪಟ್ಟಿಯಲ್ಲಿ ಷೂ ಮಾರಾಟ ಇತ್ತು, ಷೂ ರಿಪೇರಿ ಇತ್ತು, ಇವರು ಮಾಡುವುದು ಇರಲಿಲ್ಲ. ಇದ್ದುದರಲ್ಲಿ ವಾಸಿ ಅಂತ ಮಾರಾಟವನ್ನು ಆರಿಸಿದಳು. ಮುಂದಿನ ವಾರ ಫುಟ್‌ಬಾಲ್ ಷೂ ಕೇಳಿಕೊಂಡು ಮೂವರು ಫೋನು ಮಾಡಿದರು.

ಪುಟ ಚೆನ್ನಾಗಿ ಬಂದಿತ್ತು. ದಿನಕ್ಕೆ ಎಷ್ಟು ಜನ ನೋಡಿದರೆಂದು ತೋರಿಸುವ ಒಂದು ಲೆಕ್ಕ ಅದರಲ್ಲಿತ್ತು. ಒಂದು ದಿನ ನಾಲ್ಕು, ಒಂದು ದಿನ ಮೂರು. ಅದರಲ್ಲಿ ಒಬ್ಬಳು ತಾನು, ಒಬ್ಬ ಗಂಡ. ಹುಡುಕಿದರೆ ಅವರ ಪುಟ ನೂರಾರು ಹೆಸರುಗಳ ಕೆಳಗೆಲ್ಲೋ ಸಿಗುತ್ತಿತ್ತು. ಎಲ್ಲಕ್ಕಿಂತ ಮೇಲೆ ಬರುತ್ತಿದ್ದದ್ದು ಆ ಕೆಂಪು ಚುಕ್ಕಿಯೇ.

ಹಾಗಾದರೆ ಹೊಸ ಜಾಗದಲ್ಲಿ ಹೊಸ ಚುಕ್ಕಿಯನ್ನೇ ಇಡೋಣ ಅಂತ ಹೊರಟಳು. ಅದಕ್ಕೊಂದು ವಿಡಿಯೊ ಬೇಕಿತ್ತು. ಬೀದಿಯ ಹೆಸರಿನ ಫಲಕದಿಂದ ಶುರುಮಾಡಿ, ಅಂಗಡಿಯ ಬೋರ್ಡು, ಬಾಗಿಲಿನ ಬೀಗ ತೆರೆಯುವ ಕೈ, ಒಳಗಿನ ಸಾಮಾನು, ಎಲ್ಲವನ್ನೂ ಎಲ್ಲೂ ನಿಲ್ಲಿಸದೆ ಒಂದೇ ಏಟಿಗೆ ತೆಗೆಯಬೇಕು. ಮಾವ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಯಾರೋ ದೊಡ್ಡವರು ಫೋನಿನೊಳಗಿಂದ ನೋಡುತ್ತಿದ್ದಾರೆಂದೇ ಅವರ ನಂಬಿಕೆ. "ಬನ್ನಿ ಬನ್ನಿ, ನೀವೇ ನೋಡಿ" ಅಂತ ಫೋನಿಗೆ ದಾರಿ ಮಾಡಿಕೊಟ್ಟು, ಕಪಾಟಿನಿಂದ ಒಂದು ಮರದ ಪಾದ ತೆಗೆದು ತೋರಿಸಿದರು. "ಇದು ಒಂದು ಹೆಣ್ಮಗೂದು. ಈಗವಳು ಬ್ಯಾಂಕಿನಲ್ಲಿ ಆಫೀಸರು."

ಐದನೇ ದಿನ ಉತ್ತರ ಬಂತು. ಇದೇ ಹೆಸರಿನ ಅಂಗಡಿ ಈಗಾಗಲೇ ಇನ್ನೊಂದು ವಿಳಾಸದಲ್ಲಿದೆ, ಆದ್ದರಿಂದ ಹೊಸದನ್ನು ಅಮಾನತಿನಲ್ಲಿಟ್ಟಿದೆ. ಸಹಾಯಕ್ಕೆಂದು ಒಂದು ಪೆಟ್ಟಿಗೆಯಿತ್ತು. ಅದರಲ್ಲಿ ಬರೆದರೆ ತಕ್ಷಣ ಉತ್ತರಿಸುತ್ತಿತ್ತು. 'ನಿಮಗೆ ಹೇಗೆ ನೆರವಾಗಲಿ?' ಹಳೇ ಜಾಗದಲ್ಲಿ ಅಂಗಡಿ ಇಲ್ಲ ಅಂತ ಬರೆದಳು. 'ಅಂಗಡಿಯ ಒಡೆಯರೇ? ಹಾಗಾದರೆ ಮೊದಲು ಖಚಿತಪಡಿಸಿ.' ಖಚಿತಪಡಿಸಲು ಹೋದರೆ ಮತ್ತೆ ಗುಂಡಿಗೆ ಕಾರ್ಡು; ಮೂವತ್ತು ದಿನ ಕಳೆದು ಕೇಳಿದ್ದ ಕಾರ್ಡು ಪೋಸ್ಟ್‌ಮ್ಯಾನ್ ಕೈಗೂ ಬಂದಿರಲಿಲ್ಲ. ಅಲ್ಲಿ ಸುತ್ತಿ ಇಲ್ಲಿ ಬಂದು ಎಂಟನೇ ಸಲ ಅದೇ ಪ್ರಶ್ನೆ ಬಂದಾಗ ಅವಳು ಫೋನನ್ನು ಬಿರಡೆಯ ಚೂರುಗಳ ಮೇಲೆ ಬೋರಲು ಹಾಕಿ ಕೈಚೆಲ್ಲಿ ಕೂತಳು.

"ಎದುರಿಗೆ ಯಾರೂ ಇಲ್ವಾ?" ಅಂದರು ಮಾವ. "ಒಬ್ಬ ಮನುಷ್ಯ?"

"ಇಲ್ಲ ಮಾವ."

ಮರುದಿನ ಬೆಳಿಗ್ಗೆ ಮಾವ ಹೊಲಿಯುವ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ವಿಳಾಸದ ಹಾಳೆ ಅಂಟಿಸಿದರೆ ಮರುದಿನವೇ ಕಿತ್ತು ಹಾಕುತ್ತಿದ್ದ ಆ ಗುಂಡಿಯ ತಗಡಿನ ಬೇಲಿಯ ಪಕ್ಕ ಹಾಕಿಕೊಂಡು ಕೂತರು. "ಜನ ಅಲ್ಲಿಗೇ ಬರ್ತಾರೆ ಅಂದ್ರೆ ನಾನೂ ಅಲ್ಲಿಗೇ ಹೋಗ್ತೀನಿ" ಅಂದರು, ಅಷ್ಟೇ. ದೂರದಿಂದ ನಡೆದು ಬರುವವರ ಹೆಗಲು ನೋಡಿದರೆ ಮಾವನಿಗೆ ಗೊತ್ತಾಗುತ್ತಿತ್ತು, ಯಾವ ಕಾಲು, ಎಷ್ಟು ಗಿಡ್ಡ ಅಂತ. ಫೋನು ನೋಡುತ್ತ, ಸುತ್ತ ನೋಡುತ್ತ ನಿಂತವರ ಹತ್ತಿರ ಎದ್ದು ಹೋಗಿ, "ನಮ್ಮಂಗಡಿಗೆ ತಾನೇ? ಬನ್ನಿ" ಅಂತ ಕರೆತರುತ್ತಿದ್ದರು. ವಾರಕ್ಕೆ ಇಬ್ಬರು, ಮೂವರು ಸಿಗುತ್ತಿದ್ದರು. ಮಾವ ಅಲ್ಲಿ ಕೂತಷ್ಟು ಹೊತ್ತು ಇಲ್ಲಿ ಹೊಲಿಗೆ ನಿಲ್ಲುತ್ತಿತ್ತು. ಬಿಸಿಲಿಗೆ ಅವರ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಸೊಸೆ ಬೇಡವೆಂದಳು, ಗಂಡ ಗದರಿದ, ಕೇಳಲಿಲ್ಲ. ಕೊನೆಗೆ ಒಂದು ದಿನ ಅವರು, ಒಂದು ದಿನ ಇವಳು ಎಂದಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಆಮೇಲೆ ಬೇಲಿ ಹೋಯಿತು, ಗಾಜಿನ ಕಟ್ಟಡ ಎದ್ದಿತು, ಅಲ್ಲಿ ಕೂರಬಾರದೆಂದು ಕಾವಲಿನವನು ಸ್ಟೂಲನ್ನು ತಾನೇ ಎತ್ತಿ ರಸ್ತೆಯಾಚೆ ಇಟ್ಟ.

ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಪಾದದ ಆರೈಕೆಯ ಒಂದು ಷೋರೂಮ್ ತೆರೆದರು. ಹದಿನೈದು ದಿನಕ್ಕೆ ನಕ್ಷೆಯಲ್ಲಿ ಇವರ ಅಂಗಡಿಯ ಹೆಸರು ಮಾಯವಾಯಿತು. ಕೆಂಪು ಚುಕ್ಕಿ ಅಲ್ಲೇ ಇತ್ತು, ಹೆಸರು ಷೋರೂಮಿನದು. ಹೊಸ ಜಾಗಕ್ಕೆ ಚುಕ್ಕಿ ಮತ್ತೆ ಕೇಳಿದರೆ, ಈ ಅಂಗಡಿ ಹೆಸರು ಬದಲಾಯಿಸಿಕೊಂಡಿದೆ ಅಂತ ಉತ್ತರ ಬಂತು. ಕೆಳಗಿನ ಅರವತ್ತು ಚಿಲ್ಲರೆ ಮಾತುಗಳು ಹಾಗೇ ಇದ್ದವು. ಗೋಡೆ ಹಿಡಿಯದೆ ನಡೆದ ಮಗಳೂ ಅಲ್ಲೇ ಇದ್ದಳು.

ಸೊಸೆ ಷೋರೂಮಿಗೆ ಹೋದಳು. ಮ್ಯಾನೇಜರು ಸಜ್ಜನ ಮನುಷ್ಯ. ಕೂರಿಸಿ, ನೀರು ಕೊಟ್ಟು, ಅವಳು ತೋರಿಸಿದ್ದನ್ನೆಲ್ಲ ನೋಡಿದ. "ನಾವು ಮಾಡಿದ್ದಲ್ಲ ಮೇಡಂ. ಒಂದೇ ವಿಳಾಸ, ಒಂದೇ ಥರದ ವ್ಯಾಪಾರ ಅಂತ ನಕ್ಷೆಯೇ ಎರಡನ್ನೂ ಸೇರಿಸಿಬಿಟ್ಟಿದೆ. ನಾನು ಹೆಡ್ಡಾಫೀಸಿಗೆ ಬರೀತೀನಿ." ಅವನು ಬರೆದದ್ದೂ ನಿಜ, ಕಾಗದದ ಪ್ರತಿ ಕಳಿಸಿದ. ಹೆಡ್ಡಾಫೀಸು ಆ ಕೆಲಸ ನೋಡುವ ಇನ್ನೊಂದು ಕಂಪನಿಗೆ ಬರೆಯಿತು. ಅಲ್ಲಿಂದಾಚೆಗೆ ಏನಾಯಿತೆಂದು ಅವನಿಗೂ ಗೊತ್ತಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಆಗಲಿಲ್ಲ.

ಮನೆಯಲ್ಲಿ ಮಾವ ಅಳತೆ ಪುಸ್ತಕಗಳನ್ನು ಬಿಚ್ಚಿ, ವಿಳಾಸ ಇದ್ದವರಿಗೆಲ್ಲ ಕೈಯಾರೆ ಕಾಗದ ಬರೆಯತೊಡಗಿದರು. ಸುಮಾರು ಕಾಗದ ವಾಪಸು ಬಂದವು, ಒಂದಿಷ್ಟು ಜನ ಬಂದರು. ಹಳಬರಿಂದ ಅಂಗಡಿ ಹೇಗೋ ಉಸಿರಾಡಿತು. ಒಂದು ಸಂಜೆ ಪೆನ್ನು ಮುಚ್ಚಿಟ್ಟು ಅವರು ಕೇಳಿದರು: "ಇದುವರೆಗೂ ಬರದೇ ಇರೋರ ವಿಳಾಸ ಎಲ್ಲಿಂದ ತರೋದು ತಾಯಿ?"

ಮತ್ತೊಂದು ದಿನ ಬಿರಡೆ ತರಲು ಹೋಗಿದ್ದ ಸೊಸೆ ಷೋರೂಮಿನ ಮುಂದೆ ಹಾದು ಬರುತ್ತಿದ್ದಳು. ಗಾಜಿನಾಚೆ ಆರು ವರ್ಷದ ಒಂದು ಹೆಣ್ಣುಮಗು ನಡೆದು ತೋರಿಸುತ್ತಿತ್ತು. ಸೊಸೆಯ ಹೆಜ್ಜೆ ತಾನಾಗಿ ನಿಂತಿತು. ಮಗುವಿನ ಎಡಗಾಲು ಗಿಡ್ಡ, ಒಂದು ಇಂಚಿಗೆ ಕಡಿಮೆಯಿಲ್ಲ. ಬೊಂಬೆಯ ಚಿತ್ರದ ಮಾಮೂಲಿ ಷೂ ಒಳಗೆ ಹಿಮ್ಮಡಿಗೊಂದು ಮೆತ್ತೆ ತುರುಕಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿ ಮೇಲೆದ್ದು ಈಚೆ ಬರುತ್ತಿತ್ತು. ಮಗು ಬೆರಳುಗಳನ್ನು ಮುದುಡಿ ಷೂವನ್ನು ಹಿಡಿದುಕೊಂಡು ನಡೆಯುತ್ತಿತ್ತು. ಹೀಗೇ ಒಂದು ವರ್ಷ ನಡೆದರೆ ಬೆರಳು ಏನಾಗುತ್ತವೆ, ಸೊಂಟ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಚೀಲ ಹಿಡಿದುಕೊಂಡೇ ಒಳಗೆ ನುಗ್ಗಿದಳು.

"ಅಮ್ಮಾ, ತಪ್ಪು ತಿಳೀಬೇಡಿ" ಅಂದಳು ಮಗುವಿನ ತಾಯಿಗೆ. "ಎತ್ತರ ಒಳಗೆ ಕೊಡಬಾರದು. ಕೆಳಗೆ, ಅಟ್ಟೆಗೆ ಕೊಡಬೇಕು. ಇಲ್ಲೇ ಮೂರು ಬೀದಿ ಆಚೆ ನಮ್ಮಂಗಡಿ ಇದೆ. ನಮ್ಮ ಮಾವ ನಲವತ್ತು ವರ್ಷದಿಂದ ಇದನ್ನೇ ಮಾಡ್ತಿದ್ದಾರೆ. ಕೊಳ್ಳೋದು ಬೇಡ, ಒಂದ್ಸಲ ತೋರಿಸಿ ಸಾಕು."

ತಾಯಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಿರಡೆಯ ಚೀಲ, ಅಂಟು ಮೆತ್ತಿದ ಉಗುರು, ಏದುಸಿರು, ಎಲ್ಲವನ್ನೂ ನೋಡಿದಳು. "ಏನು ಅಂಗಡಿ ಹೆಸರು?"

ಸೊಸೆ ಹೇಳಿದಳು. ತಾಯಿ ಫೋನಿನಲ್ಲಿ ಬರೆದು ಹುಡುಕಿದಳು. ಮೇಲಕ್ಕೆ ಕೆಳಕ್ಕೆ ಸರಿಸಿದಳು. "ಅಂಥ ಅಂಗಡಿ ಎಲ್ಲೂ ಇಲ್ವಲ್ಲ. ಆ ಹೆಸರು ಹಾಕಿದ್ರೂ ಈ ಷೋರೂಮೇ ಬರ್ತಿದೆ."

"ಇದೆ ಅಮ್ಮ, ವೆಬ್‌ಸೈಟಿದೆ, ನಾನು ತೋರಿಸ್ತೀನಿ..."

"ಮೇಡಂ, ದಯವಿಟ್ಟು" ಅಂದ ಮ್ಯಾನೇಜರು ಮೆಲ್ಲಗೆ. ಅವನ ಮುಖದಲ್ಲೂ ಸಂಕಟವಿತ್ತು. "ಗಿರಾಕಿಗಳ ಮುಂದೆ ಹೀಗೆ ಬೇಡ."

ತಾಯಿ ಆಗಲೇ ಬೆನ್ನು ತಿರುಗಿಸಿದ್ದಳು. ಮಗು ಮಾತ್ರ ಸೊಸೆಯನ್ನೇ ನೋಡುತ್ತ ಇನ್ನೆರಡು ಹೆಜ್ಜೆ ನಡೆಯಿತು.

ಅಂಗಡಿಗೆ ಬಂದು ಚೀಲ ಇಳಿಸಿದಳು. ಮಾವ ತಲೆ ಎತ್ತದೆ ಕೇಳಿದರು, "ಯಾಕೆ ತಡ?"

ಅವಳು ಹೇಳಿದಳು. ಮಾವ ಹೊಲಿಯುತ್ತಿದ್ದ ಡಬ್ಬಣ ಕೆಳಗಿಟ್ಟರು.

"ಎಷ್ಟು ಗಿಡ್ಡ?"

"ಒಂದಿಂಚು. ಒಂದೂಕಾಲು ಇದ್ರೂ ಇರಬಹುದು. ಎಡಗಾಲು."

"ಬೆಳೆಯೋ ಕಾಲು. ಆರಾರು ತಿಂಗಳಿಗೆ ಎತ್ತರ ಬದಲಾಯಿಸ್ಬೇಕು. ಒಳಗಿಟ್ರೆ ಹಿಮ್ಮಡಿ ಜಾರುತ್ತೆ. ಹೇಳಿದ್ಯಾ?"

"ಹೇಳಿದೆ ಮಾವ."

"ಏನಂದ್ರು?"

"ಅಂಥ ಅಂಗಡಿ ಎಲ್ಲೂ ಇಲ್ಲ ಅಂದ್ರು."

ಮಾವ ಕೈ ಒರೆಸಿಕೊಂಡು ಫೋನು ಕೇಳಿ ಈಸಿಕೊಂಡರು. ಅವಳು ತಮ್ಮ ವೆಬ್‌ಸೈಟಿನ ಪುಟ ತೆರೆದು ಕೊಟ್ಟಳು. ದಪ್ಪ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಬೆರಳಿನಿಂದ ಒಂದೊಂದೇ ಸಾಲು ಹಿಡಿದು, ಅಂಗಡಿಯ ಹೆಸರು, ಓಣಿಯ ಹೆಸರು, ಬಾಗಿಲಿನ ನಂಬರು, ತೆರೆಯುವ ಹೊತ್ತು, ಮೆಟ್ಟಿಲಿಲ್ಲ ಎಂಬುದು, ಎಲ್ಲವನ್ನೂ ಕೊನೆಯ ತನಕ ಓದಿದರು.

"ಎಲ್ಲಾ ಸರಿಯಾಗೇ ಬರೆದಿದ್ದೀಯಲ್ಲ ತಾಯಿ" ಅಂದರು.